ಹಗೇವಿಗೆ ದೀಪ

ಉಮದಿಯಿಂದ ಸಂಖಕ್ಕೆ ಹೋಗುವ ರಸ್ತೆಯ ಎಡಮಗ್ಗುಲು
ಸೊಂಟದಾಳ ಅಗೆದವರೊಳಗೆ ಬಿರುದೇವನೂ ಒಬ್ಬ.
ಮೀಟರಿಗೆ ಇಷ್ಟು ಅಂತ ಕೂಲಿ,
ಕಲ್ಲು ಹತ್ತಿದರೆ ಹತ್ತು ರೂಪಾಯಿ ಮೇಲೆ.
ಕೇಸರಿ ಕೊಳವೆ ಮಲಗಿಸಿ, ಮಣ್ಣೆಳೆದು,
ಅಗೆಯಬಾರದೆಂದು ಹಳದಿ ಕಲ್ಲು ನೆಟ್ಟು
ಪುಣೆಯ ಕಂಪನಿ ಲಾರಿ ಹತ್ತಿ ಹೋಯಿತು.
ಏಳು ವರ್ಷ ಆ ಕಲ್ಲಿಗೆ
ಕುರಿಗಳು ಮೈ ತಿಕ್ಕಿಕೊಂಡವು.

ನಮ್ಮದು ಹನ್ನೊಂದು ಹೆಂಗಸರ ಮಣೂಕದ ಶೆಡ್ಡು.
ತೊಟ್ಟು ಕಿತ್ತು, ಜರಡಿ ಹಿಡಿದು,
ಹಸಿರು ಬೇರೆ, ಹಳದಿ ಬೇರೆ, ಕಪ್ಪು ಬೇರೆ.
ಎಣಿಕೆ ಕನ್ನಡದಾಗ, ಬಿಲ್ಲು ಮರಾಠಿಯಾಗ,
ಬೈಗುಳ ಎರಡರಾಗೂ.
ಲೆಕ್ಕ ಬರೆಯುವವಳು ನಾನು.

ಲಿಲಾವು ಈಗ ಪರದೆಯ ಮೇಲೆ.
ಜೈತುನಬಿ ಫೋನು ಹಿಡಿದು ಮಾಳಿಗೆ ಹತ್ತುತ್ತಾಳೆ,
ನೀರಿನ ಟಾಕಿಯ ಪಕ್ಕ ಬಲಗೈ ಚಾಚಿ ನಿಂತರೆ
ಅಲ್ಲೊಂದೇ ಕಡೆ ಎರಡು ಕಡ್ಡಿ.
ಸೋಮವಾರ ಎಂಟುನೂರು ಕಿಲೊ ಹಸಿರು ಮಾಲು,
ನೂರೈವತ್ತೊಂದಕ್ಕೆ ಬಂದು ನಿಂತಿತು ದರ,
ಹೂಂ ಅನ್ನಲಿಕ್ಕೆ ಇಪ್ಪತ್ತು ಸೆಕೆಂಡು.
ಅವಳು ಒತ್ತಿದಳು.
ಬಳೆಯಂಥದೊಂದು ಸುತ್ತತೊಡಗಿತು.
ಸುತ್ತಿತು.
ನಿಂತಾಗ ಆ ಗಿರಾಕಿ ಬೇರೆ ಮಾಲಿಗೆ ಹೋಗಿದ್ದ,
ಉಳಿದವನದು ನೂರಾ ನಲವತ್ತೆರಡು.

ಕಿಲೊಗೆ ಒಂಬತ್ತು, ಏಳು ಸಾವಿರದ ಇನ್ನೂರು.
ಇಲಿ ತಿಂದದ್ದಕ್ಕೆ ನನ್ನ ವಹಿಯಲ್ಲಿ ಕಾಲಮು ಇದೆ,
ತೂಕ ಒಣಗಿದ್ದಕ್ಕೂ ಇದೆ.
ಬಳೆ ಸುತ್ತಿದ್ದನ್ನು ಎಲ್ಲಿ ಬರೆಯಲಿ?

ಗುರುವಾರ ಬಿರುದೇವ ಬಂದ.
ಈಗವನು ಅಗೆಯುವವನಲ್ಲ, ಬೆಸೆಯುವವನು.
ಜೆಸಿಬಿ ಕಡಿದ ಕೇಬಲ್ಲಿಗೆ ಧೂಳು ತಾಗಬಾರದೆಂದು
ನಮ್ಮ ಶೆಡ್ಡಿನ ಮೂಲೆಯಲ್ಲಿ ಪೆಟ್ಟಿಗೆ ತೆರೆದ.
ಕೂದಲಿಗಿಂತ ಸಣ್ಣ ಇಪ್ಪತ್ನಾಕು ಎಳೆ.
‘ನೀಲಿ, ಕಿತ್ತಳೆ, ಎರಡ ಉರೀತಾವು,
ಒಂದು ಬ್ಯಾಂಕಿಗೆ, ಒಂದು ಟಾವರಿಗೆ.
ಉಳಿದದ್ದು ಹುಟ್ಟಿದಾಗಿಂದ ಕತ್ತಲು.’

ಯಾರದು ಅಂತ ಕೇಳಿದೆ.
ಪುಣೆಯವರು ಮಾರಿದರಂತೆ, ಕೊಂಡವರೂ ಮಾರಿದರಂತೆ,
ಈಗ ಮುಂಬಯಿಯ ಕಪಾಟಿನಲ್ಲಿ ಒಂದು ಫೈಲು.
ಬಾಡಿಗೆಗೆ ಕೊಡಲಾರರೇ?
‘ಕೇಳಿದವರಿಲ್ಲ, ಕೊಟ್ಟವರಿಲ್ಲ.
ನಿಮ್ಮ ಶೆಡ್ಡು, ದಾಳಿಂಬೆ ಗೋದಾಮು, ರಕ್ತ ನೋಡೋ ಲ್ಯಾಬು,
ಸಂಖದ ಗ್ಯಾರೇಜು, ಎಲ್ಲಾ ಕೂಡಿದರೂ
ಒಂದು ಎಳೀ ಕಾಲುಭಾಗ ಸುದ್ದಾ ಖರ್ಚಾಗೂದಿಲ್ಲ.’

ಭಾಗವ್ವ ಜರಡಿ ಕೆಳಗಿಟ್ಟಳು.
ಅವಳ ಅಜ್ಜನ ಅಂಗಳದಲ್ಲಿ ಹಗೇವು ಇತ್ತು,
ಮೂರು ವರ್ಷದ ಜೋಳ ನೆಲದೊಳಗೆ.
ದಾಯಾದಿಗಳ ವ್ಯಾಜ್ಯ, ಬಾಯಿ ತೆರೆಯಲಿಲ್ಲ,
ತೆರೆದಾಗ ಎಮ್ಮೆಯೂ ಮೂಸಲಿಲ್ಲ.

‘ಗಾಜು ಕೊಳಿಯೂದಿಲ್ಲ ಯವ್ವಾ’ ಅಂದ ಬಿರುದೇವ.
‘ಕೊಳಿಯೂದು ನಮ್ಮ ಮಾಲು’ ಅಂದಳು ಜೈತುನಬಿ.

ಅವನ ಹುಡುಗ ನಾಲ್ಕು ಕಿಲೊಮೀಟರು ಆಚೆ
ಕಂಬದ ಡಬ್ಬಿಯ ಹತ್ತಿರ ದೀಪದ ಪೆನ್ನು ಹಿಡಿದು ನಿಂತಿದ್ದ.
‘ಬಿಡು’ ಅನ್ನಬೇಕು ಅವನಿಗೆ, ಫೋನು ಹತ್ತಲಿಲ್ಲ.
ಜೈತುನಬಿ ಮತ್ತೆ ಮಾಳಿಗೆ ಹತ್ತಿದಳು,
ಟಾಕಿಯ ಪಕ್ಕ, ಬಲಗೈ ಚಾಚಿ:
‘ಬಿಡೋ!’

ಮೂರನೆಯ ಎಳೆ, ಹಸಿರು.
ಬಿರುದೇವ ಅದರ ತುದಿಯನ್ನು ಅಂಗೈ ಮೇಲೆ ಬಾಗಿಸಿದ.
ಗುಲಗಂಜಿಯಷ್ಟೂ ಇಲ್ಲ, ಅದರ ಕೆಂಪು ಮಾತ್ರ,
ಅಂಗೈಯ ಗೆರೆ ಕೂಡುವಲ್ಲಿ ಕೂತಿತು.
ಹೆಂಗಸರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು.
ಕೆಟ್ಟ ಗಾಳಿಗೆ ಆಳು ಸಾಯಬಾರದೆಂದು
ಹಗೇವಿಗೆ ಇಳಿಯುವ ಮೊದಲು
ಹಗ್ಗ ಕಟ್ಟಿ ದೀಪ ಬಿಡುತ್ತಿದ್ದರಂತೆ.
ಭಾಗವ್ವ ಸೆರಗಿಗೆ ಕೈ ಒರೆಸಿಕೊಂಡು ಅಂದಳು,
‘ದೀಪ ಆರಿಲ್ಲ. ಇಳೀಬಹುದು.’

ಆದರೆ ಬೆಸೆಯುವ ಹುಕುಮು ಅವನಿಗಿಲ್ಲ.
ಕಡಿದದ್ದನ್ನು ಕೂಡಿಸಿ, ಕತ್ತಲನ್ನು ಮತ್ತೆ ಸುರುಳಿ ಸುತ್ತಿ,
ಡಬ್ಬಿ ಮುಚ್ಚಿ, ಚಹಾ ಕುಡಿದು ಹೋದ.

ಮುಂಬಯಿಗೆ ಅರ್ಜಿ ಬರೆದಿದ್ದೇವೆ.
ಒಂಬತ್ತು ಸಹಿ, ಎರಡು ಹೆಬ್ಬೆಟ್ಟು,
ಬಾಡಿಗೆ ತಿಂಗಳಿಗೆ ಎಷ್ಟು ಕೊಡಬಲ್ಲೆವೆಂದು ನಾವೇ ಹೇಳಿ.
ವಹಿಯಲ್ಲಿ ಒಂದು ಗೆರೆ ಹೆಚ್ಚು ಎಳೆದಿದ್ದೇನೆ.
ಕಾಲಮಿಗೆ ಹೆಸರು ಇನ್ನೂ ಇಟ್ಟಿಲ್ಲ.